ಸಂಬಳದ ಲೆಕ್ಕ ನೋಟಿಸ್ ಬೋರ್ಡ್ ಮೇಲೆ ಹಾಕಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಪೀಣ್ಯದ ಕಾರ್ಖಾನೆಗಳಲ್ಲಿ ಇನ್‌ಕ್ರಿಮೆಂಟ್ ಮಾತು ಶುರುವಾಗುತ್ತದೆ. ಅದರ ಹಿಂದೆಯೇ ಮಾಲೀಕರ ದೂರು. 'ಈಗಿನ ಹುಡುಗರು ನಿಲ್ಲೋದಿಲ್ಲ, ಕೆಲಸ ಕಲಿಸಿದ ಮೇಲೆ ಬಿಟ್ಟು ಹೋಗ್ತಾರೆ, ನಿಯತ್ತಿಲ್ಲ.' ಪತ್ರಿಕೆಗಳಲ್ಲೂ ಈ ಮಾತು ಆಗಾಗ ಬರುತ್ತಿರುತ್ತದೆ. ನಾನು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವವಳು. ಹಾಜರಿ, ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ), ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ), ಬೋನಸ್ ಎಲ್ಲವೂ ನನ್ನ ಟೇಬಲ್ ಮೇಲೆಯೇ ಹಾದು ಹೋಗುತ್ತವೆ. ಹೆಲ್ಪರ್‌ನಿಂದ ಹಿಡಿದು ಪ್ಲಾಂಟ್ ಮ್ಯಾನೇಜರ್‌ವರೆಗೆ ಯಾರಿಗೆ ಎಷ್ಟು ಬರುತ್ತದೆ ಅನ್ನುವುದು ನನಗೆ ಗೊತ್ತು. ಇಷ್ಟು ವರ್ಷ ಅದನ್ನೇ ನೋಡುತ್ತಾ ಬಂದವಳಾಗಿ ಒಂದು ಮಾತು ಹೇಳಬೇಕು ಅನ್ನಿಸಿದೆ. ಹುಡುಗರು ಬಿಟ್ಟು ಹೋಗುವುದಕ್ಕೆ ಸಂಬಳ ಕಡಿಮೆ ಅನ್ನುವುದು ಒಂದು ಕಾರಣ, ನಿಜ. ಆದರೆ ಒಂದೇ ಕೆಲಸ ಮಾಡುವ ಇಬ್ಬರಿಗೆ ಬೇರೆ ಬೇರೆ ಸಂಬಳ ಕೊಟ್ಟು, ಯಾಕೆ ಅಂತ ಹೇಳದೆ ಬಿಡುತ್ತೇವಲ್ಲ, ಮನಸ್ಸು ಮುರಿಯುವುದು ಅಲ್ಲಿ.

ಹಾಸನದ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಐಟಿಐ ಟರ್ನರ್ ಮುಗಿಸಿ ಬಂದವನು. ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಟರ್ನಿಂಗ್ ಮಷಿನ್ ಮೇಲೆ ಏಳು ವರ್ಷದ ಅನುಭವ. ಸಂಬಳ 19,500 ರೂಪಾಯಿ. ಪ್ರತಿ ವರ್ಷ ಐನೂರೋ ಏಳುನೂರೋ ಸೇರಿ ಅಲ್ಲಿಗೆ ಬಂದಿದ್ದು. ಒಂದು ಸಲ ಆರ್ಡರ್ ಜಾಸ್ತಿ ಬಂತು, ಆಪರೇಟರ್‌ಗಳು ಸಿಗಲಿಲ್ಲ. ಅವನ ಪಕ್ಕದ ಮಷಿನ್‌ಗೆ ಹೊಸಬನೊಬ್ಬನನ್ನು 23,000ಕ್ಕೆ ತೆಗೆದುಕೊಂಡರು. ಮಾರ್ಕೆಟ್ ರೇಟ್ ಅದೇ ಆಗಿತ್ತು, ಕೊಡದಿದ್ದರೆ ಬರುತ್ತಿರಲಿಲ್ಲ. ಆಫ್‌ಸೆಟ್ (ಟೂಲ್‌ನ ಅಳತೆ) ಕೊಡುವುದು, ಪೀಸ್ ಹಿಡಿಯುವ ಜಾ ಕೂರಿಸುವುದು, ಆ ಮಷಿನ್‌ನ ಹಟ ಎಲ್ಲವನ್ನೂ ಹೊಸಬನಿಗೆ ಕಲಿಸಿದ್ದು ಹಳಬನೇ. ಮೊದಲ ಪೇ ಸ್ಲಿಪ್ ಬಂದ ದಿನ ಹೊಸಬ ಕ್ಯಾಂಟೀನ್‌ನಲ್ಲಿ 'ಪಿಎಫ್ ಅಂತ ಇಷ್ಟೊಂದು ಹಿಡಿದಿದ್ದಾರೆ, ನೋಡಣ್ಣ' ಅಂತ ಸ್ಲಿಪ್ಪನ್ನು ಅವನ ಕೈಗೇ ಕೊಟ್ಟನಂತೆ.

ಊಟದ ಹೊತ್ತು ಮುಗಿದ ಮೇಲೆ ಹಳಬ ನನ್ನ ಟೇಬಲ್ ಹತ್ತಿರ ಬಂದ. 'ಮೇಡಂ, ನನ್ನ ಸ್ಲಿಪ್ ಸರಿಯಾಗಿದೆಯಾ?' ಅಂತ ಕೇಳಿದ. ಸರಿಯಾಗಿದೆ ಅಂದೆ. 'ಸರಿ ಮೇಡಂ' ಅಂತ ಹೊರಟುಹೋದ. ಜಗಳ ಇಲ್ಲ, ದೂರು ಇಲ್ಲ.

ಅವನು ಮೊದಲು ಹೇಗಿದ್ದ ಅಂದರೆ, ಮಷಿನ್ ಸದ್ದು ಕೇಳಿಯೇ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದಿದೆ ಅಂತ ಹೇಳುತ್ತಿದ್ದ. ಅದರ ಮೂಲೆ ಒಡೆಯುವ ಮೊದಲೇ ತಿರುಗಿಸಿ ಹಾಕುತ್ತಿದ್ದ. ಆಮೇಲೆ ಆ ಅಭ್ಯಾಸ ನಿಂತುಹೋಯಿತು. ಗೇಜ್‌ಗೆ ಕೂರದ ಪೀಸ್ ಒಂದಷ್ಟು ಬಂದ ಮೇಲೆ ಇನ್ಸರ್ಟ್ ಬದಲಿಸುತ್ತಿದ್ದ. ತಪ್ಪು ಅಂತ ಯಾರೂ ಬೆರಳು ತೋರಿಸುವ ಹಾಗಿಲ್ಲ. ಹಾಜರಿ ಸರಿ ಇತ್ತು, ಕೌಂಟ್ ಸರಿ ಇತ್ತು. ರಿಜೆಕ್ಷನ್ ಮಾತ್ರ ಏರಿತು. ಶಿಫ್ಟ್ ಮುಗಿಯುವ ಬೆಲ್ ಆಗುವ ಮೊದಲೇ ಕೈ ತೊಳೆದು ನಿಲ್ಲುತ್ತಿದ್ದ. ಹೊಸಬರಿಗೆ ಏನಾದರೂ ಹೇಳಿಕೊಡು ಅಂದರೆ 'ಅವರಿಗೇ ಜಾಸ್ತಿ ಗೊತ್ತಿರುತ್ತೆ ಸರ್' ಅನ್ನುತ್ತಿದ್ದ. ಆಯುಧ ಪೂಜೆ ಬೋನಸ್ ಕೈಗೆ ಬಂದ ಮೇಲೆ ಕೆಲಸ ಬಿಟ್ಟ. ಫಾರಂನಲ್ಲಿ ಕಾರಣ ಅನ್ನುವ ಜಾಗದಲ್ಲಿ 'ವೈಯಕ್ತಿಕ' ಅಂತ ಬರೆದ. ಅವನು ಸೇರಿದ್ದು ದಾಬಸ್‌ಪೇಟೆ ಕಡೆಯ ಒಂದು ಕಾರ್ಖಾನೆಗೆ, 20,000 ರೂಪಾಯಿಗೆ. ಬರೀ 500 ರೂಪಾಯಿ ಜಾಸ್ತಿ, ಬಸ್ಸಿನ ಓಡಾಟ ಮೊದಲಿಗಿಂತ ಎಷ್ಟೋ ದೂರ. ದುಡ್ಡಿಗೋಸ್ಕರ ಹೋದ ಅಂತ ಹೇಳೋಕೆ ಆಗುತ್ತಾ? ನಮ್ಮಲ್ಲಿ ಅವನ ಜಾಗಕ್ಕೆ ಬಂದವನಿಗೆ 23,500 ಕೊಟ್ಟೆವು. ಹಳಬನಿಗೇ ಆ 4,000 ವ್ಯತ್ಯಾಸದಲ್ಲಿ ಅರ್ಧ ಏರಿಸಿದ್ದರೂ ಉಳಿಯುತ್ತಿದ್ದ ಅನ್ನುವುದು ಇವತ್ತಿಗೂ ನನ್ನ ನಂಬಿಕೆ.

ಜನ ಯಾರನ್ನು ನೋಡಿ ತಮ್ಮನ್ನು ಅಳೆದುಕೊಳ್ಳುತ್ತಾರೆ ಅನ್ನುವುದನ್ನು ಇಲ್ಲಿ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ನಮ್ಮ ಎಂಡಿ ಸರ್ ಹೊಸ ಕಾರು ತಂದಾಗ ಹುಡುಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಯಾರಿಗೂ ಹೊಟ್ಟೆ ಉರಿಯಲಿಲ್ಲ. ಪ್ಲಾಂಟ್ ಮ್ಯಾನೇಜರ್ ಸಂಬಳ ಲಕ್ಷ ದಾಟಿದೆ ಅಂತ ಎಲ್ಲರಿಗೂ ಅಂದಾಜಿದೆ, ಅದಕ್ಕೂ ಬೇಜಾರಿಲ್ಲ. ಒಂದು ದಿನ ನಾನೂ ಅಲ್ಲಿಗೆ ಹೋಗಬಹುದು ಅನ್ನುವ ಆಸೆಯೇ ಕೆಲವರಿಗೆ. ಆದರೆ ಪಕ್ಕದಲ್ಲಿ ನಿಂತು ಅದೇ ಪೀಸ್ ಮಾಡುವವನಿಗೆ ಸಾವಿರ ರೂಪಾಯಿ ಜಾಸ್ತಿ ಅಂತ ಗೊತ್ತಾದರೆ ಆ ರಾತ್ರಿ ನಿದ್ದೆ ಬರಲ್ಲ. ನನ್ನ ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಇದನ್ನು ಅವಳಿಗೆ ಹೇಳಿದಾಗ, ಏಷ್ಯಾದ ಒಂದು ದೊಡ್ಡ ಬ್ಯಾಂಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೌಕರರ ಮೇಲೆ ಇದೇ ಪರೀಕ್ಷೆ ಮಾಡಿದ್ದಾರಮ್ಮ ಅಂದಳು. ಮೇಲಧಿಕಾರಿಗೆ ತಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಂಬಳ ಅಂತ ತಿಳಿದವರು ಇನ್ನೂ ಹೆಚ್ಚು ದುಡಿದರಂತೆ. ಜೊತೆಯವರಿಗೆ ಜಾಸ್ತಿ ಅಂತ ತಿಳಿದವರ ದುಡಿಮೆ ಕಡಿಮೆಯಾಯಿತಂತೆ. ನಮ್ಮ ಶೆಡ್‌ನಲ್ಲಿ ನೋಡಿದ್ದೇ ಅಲ್ಲೂ ಕಂಡಿದೆ.

ಅವಳು ತೋರಿಸಿದ ಇನ್ನೊಂದು ಅಧ್ಯಯನ ನಮ್ಮ ದೇಶದ್ದೇ. ಒಡಿಶಾದಲ್ಲಿ ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶಾಮ್‌ದಾಸಾನಿ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಮಾಡಿದ್ದು, 2018ರಲ್ಲಿ ಪ್ರಕಟವಾಗಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪ್ರತಿಯೊಬ್ಬ ಮಾಲೀಕರೂ ತಿಳಿದುಕೊಳ್ಳಬೇಕಾದ ವಿಷಯ ಇದು. 378 ಜನ ಕೂಲಿಕಾರರನ್ನು ಸುಮಾರು ಒಂದು ತಿಂಗಳ ಕೆಲಸಕ್ಕೆ ತೆಗೆದುಕೊಂಡರು. ಮೂರು ಮೂರು ಜನರ ತಂಡ ಮಾಡಿದರು. ಒಂದು ತಂಡದ ಮೂವರೂ ಒಂದೇ ವಸ್ತು ಮಾಡುವವರು, ಆದರೆ ಪ್ರತಿಯೊಬ್ಬರದ್ದೂ ಬೇರೆ ಬೇರೆ ಲೆಕ್ಕ. ದಿನಗೂಲಿ. ಕೆಲವು ತಂಡಗಳಲ್ಲಿ ಮೂವರಿಗೂ ಒಂದೇ ಕೂಲಿ. ಇನ್ನು ಕೆಲವು ತಂಡಗಳಲ್ಲಿ ಮೊದಲ ದಿನಗಳ ಕೆಲಸ ನೋಡಿ ಒಬ್ಬನಿಗೆ ಜಾಸ್ತಿ, ಒಬ್ಬನಿಗೆ ಮಧ್ಯಮ, ಒಬ್ಬನಿಗೆ ಕಡಿಮೆ. ವ್ಯತ್ಯಾಸ ಅಂಥ ದೊಡ್ಡದೇನೂ ಅಲ್ಲ. ಹೋಲಿಸಿದ್ದು ಹೇಗೆ ಅಂದರೆ, ಒಂದೇ ಮೊತ್ತ ಪಡೆಯುವ ಇಬ್ಬರನ್ನು. ಒಬ್ಬನ ತಂಡದಲ್ಲಿ ಎಲ್ಲರಿಗೂ ಅಷ್ಟೇ, ಇನ್ನೊಬ್ಬನ ತಂಡದಲ್ಲಿ ಉಳಿದವರಿಗೆ ಅವನಿಗಿಂತ ಜಾಸ್ತಿ. ಅಂದರೆ ಇಬ್ಬರ ಜೇಬಿಗೂ ಬೀಳುವ ದುಡ್ಡು ಒಂದೇ.

ಆಗಿದ್ದೇನು? ಜೊತೆಯವರಿಗಿಂತ ಕಡಿಮೆ ಕೂಲಿ ಸಿಕ್ಕವರ ಹಾಜರಿ ಸಾಕಷ್ಟು ಬಿತ್ತು. ಉತ್ಪಾದನೆಯೂ ಇಳಿಯಿತು. ಒಂದು ದಿನ ತಪ್ಪಿಸಿಕೊಂಡರೆ ಆ ದಿನದ ಕೂಲಿ ಹೋಗುತ್ತದೆ ಅಂತ ಗೊತ್ತಿದ್ದೂ ಬಡವರು ಕೆಲಸಕ್ಕೆ ಬರಲಿಲ್ಲ. ಕೈಗೆ ಬರುವ ದುಡ್ಡನ್ನೇ ಬಿಟ್ಟರು. ಜಾಸ್ತಿ ಕೂಲಿ ಸಿಕ್ಕವರಾದರೂ ಖುಷಿಯಾಗಿ ದುಡಿದರಾ ಅಂದರೆ ಅದೂ ಇಲ್ಲ. ತಂಡದ ಮೂವರೂ ಕೂಡಿ ಮಾಡಬೇಕಾದ ಕೆಲಸ ಕೊಟ್ಟಾಗ ಅವರಲ್ಲಿ ಹೊಂದಾಣಿಕೆ ಕಡಿಮೆಯಾಯಿತು. ಆದರೆ ಒಂದು ಕಡೆ ಮಾತ್ರ ಇದ್ಯಾವುದೂ ಆಗಲಿಲ್ಲ. ಯಾರು ಎಷ್ಟು ಮಾಡುತ್ತಾರೆ ಅನ್ನುವುದು ಎಲ್ಲರ ಕಣ್ಣಿಗೂ ಕಾಣುವ ಹಾಗಿದ್ದಾಗ, ಅವನು ನನಗಿಂತ ಜಾಸ್ತಿ ಮಾಡುತ್ತಾನೆ, ಅದಕ್ಕೇ ಅವನಿಗೆ ಜಾಸ್ತಿ ಅಂತ ತಿಳಿದಾಗ, ಕೂಲಿಯಲ್ಲಿ ವ್ಯತ್ಯಾಸ ಇದ್ದರೂ ಹಾಜರಿ ಬೀಳಲಿಲ್ಲ, ಕೆಲಸ ಇಳಿಯಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಟೂಲ್ ರೂಮಿನ ಹಿರಿಯರು ನೆನಪಾದರು. ಶಾಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಸಂಬಳ ಅವರಿಗೇ. ಅದು ಎಲ್ಲರಿಗೂ ಗೊತ್ತು. ಒಬ್ಬನೇ ಒಬ್ಬ ಬಂದು 'ಅವರಿಗ್ಯಾಕೆ ಅಷ್ಟು?' ಅಂತ ನನ್ನನ್ನು ಕೇಳಿಲ್ಲ. ಪೀಸ್ ಹಿಡಿದಿಡುವ ಫಿಕ್ಸ್ಚರ್ ಕೈಕೊಟ್ಟಾಗ ರಾತ್ರಿ ಫೋನ್ ಮಾಡಿದರೂ ಬಂದು ನಿಲ್ಲುವವರು ಅವರೇ ಅಂತ ಎಲ್ಲರೂ ನೋಡಿದ್ದಾರೆ. ಹಾಗಾಗಿ ಎಲ್ಲರಿಗೂ ಸಮ ಸಂಬಳ ಕೊಡಿ ಅಂತ ನಾನು ಹೇಳುತ್ತಿಲ್ಲ. ಕೆಲಸಗಾರರೂ ಅದನ್ನು ಕೇಳುತ್ತಿಲ್ಲ. ಜಾಸ್ತಿ ಕಲಿತವರಿಗೆ, ಜಾಸ್ತಿ ಹೊಣೆ ಹೊರುವವರಿಗೆ ಜಾಸ್ತಿ ಕೊಡಬೇಕಾದದ್ದು ನ್ಯಾಯವೇ. ಯಾಕೆ ಕೊಟ್ಟಿರಿ ಅನ್ನುವುದು ಕಾಣಬೇಕು, ಅಷ್ಟೇ.

ಇದೆಲ್ಲ ಹೊಸ ಕಾಲದ ಹುಡುಗರ ಗುಣ ಅನ್ನುವವರಿಗೆ ಬೆಂಗಳೂರಿನದೇ ಹಳೆಯ ವಿಷಯ ನೆನಪಿಸಬೇಕು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಈ ಊರಿನ ಸರ್ಕಾರಿ ಕಾರ್ಖಾನೆಗಳ ಕೆಲಸಗಾರರು 77 ದಿನ ಮುಷ್ಕರ ಮಾಡಿದರು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಟೆಲಿಫೋನ್ ಮಾಡುವ ಐಟಿಐ, ಬಿಇಎಂಎಲ್, ಎಲ್ಲ ಕಡೆಯೂ ಮಷಿನ್ ನಿಂತವು. ಹತ್ತಾರು ಸಾವಿರ ಜನ. ಅವರೇನು ಹೊಟ್ಟೆಗಿಲ್ಲದವರಾ? ಆಗಿನ ಬೆಂಗಳೂರಿನಲ್ಲಿ ಸರ್ಕಾರಿ ಕಾರ್ಖಾನೆಯ ಕೆಲಸ ಅಂದರೆ ಹೆಣ್ಣು ಕೊಡಲು ಜನ ಸಾಲು ನಿಲ್ಲುತ್ತಿದ್ದರು. ಸಣ್ಣ ಪುಟ್ಟ ಖಾಸಗಿ ಕಾರ್ಖಾನೆಯವರು ಅವರನ್ನು ಆಸೆಯಿಂದ ನೋಡುತ್ತಿದ್ದ ಕಾಲ ಅದು. ಆದರೂ ಅವರ ಮುಖ್ಯ ಬೇಡಿಕೆ ಏನಿತ್ತು ಅಂದರೆ, ಬಿಎಚ್‌ಇಎಲ್ (ಅದೂ ಸರ್ಕಾರಿ ಕಂಪನಿಯೇ) ಕೆಲಸಗಾರರಿಗೆ ಕೊಡುವಷ್ಟು ಸಂಬಳ ನಮಗೂ ಕೊಡಿ. ನಮ್ಮ ತಂದೆ ಅಂಥದ್ದೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾನಾಗ ಪ್ರೈಮರಿ ಸ್ಕೂಲ್. ದಿನಸಿ ಅಂಗಡಿಯಲ್ಲಿ ಸಾಲದ ಪುಸ್ತಕ ತುಂಬುತ್ತಾ ಹೋಗಿದ್ದು, ಅಮ್ಮನ ಬಳೆ ಬ್ಯಾಂಕಿಗೆ ಹೋಗಿದ್ದು ನೆನಪಿದೆ. 'ಅವರಿಗೂ ಇದೇ ಸರ್ಕಾರ ಯಜಮಾನ, ನಮಗೂ ಇದೇ ಸರ್ಕಾರ ಯಜಮಾನ. ಅವರು ಹಿಡಿಯೋ ಸ್ಪ್ಯಾನರ್ ಏನು ಬಂಗಾರದ್ದಾ?' ಅಂತ ಅಪ್ಪ ಅಮ್ಮನ ಹತ್ತಿರ ಹೇಳುತ್ತಿದ್ದರು. ಕೇಳಿದ್ದು ಪೂರ್ತಿ ಸಿಗದೆ ಕೆಲಸಕ್ಕೆ ವಾಪಸ್ ಹೋದರು. ಸಂಬಳ ಸಾಲದು ಅಂತ ಅಪ್ಪ ಯಾವತ್ತೂ ಹೇಳಿದವರಲ್ಲ. ಅವರು ಹೇಳುತ್ತಿದ್ದದ್ದು 'ಇದು ಅನ್ಯಾಯ' ಅಂತ.

ಈಗ ಆ ಪ್ರಶ್ನೆ ಊರಿನ ಆ ಕಾರ್ಖಾನೆ ಈ ಕಾರ್ಖಾನೆ ಅಂತಲ್ಲ, ಒಂದೇ ಶೆಡ್ಡಿನೊಳಗೆ ಬಂದು ಕೂತಿದೆ. ಪರ್ಮನೆಂಟ್ ಒಬ್ಬ, ಕಾಂಟ್ರಾಕ್ಟ್ ಒಬ್ಬ. ಇಬ್ಬರ ಯೂನಿಫಾರಂ ಬಣ್ಣವೂ ಬೇರೆ. ಮಷಿನ್ ಒಂದೇ, ಡ್ರಾಯಿಂಗ್ ಒಂದೇ, ಪೀಸ್ ತಿರಸ್ಕಾರವಾದರೆ ಬೈಸಿಕೊಳ್ಳುವುದೂ ಒಂದೇ. ಸಂಬಳ ಮಾತ್ರ ಬೇರೆ. ಇದರಲ್ಲಿ ಹೊರಗಿನವರಿಗೆ ತಿಳಿಯದ ಒಂದು ವಿಷಯ ಇದೆ. ಕಾಂಟ್ರಾಕ್ಟ್ ಹುಡುಗನಿಗೆ ಕಂಪನಿ ಮಾಡುವ ಖರ್ಚು ಅವನ ಕೈಗೆ ಸೇರುವ ದುಡ್ಡಿಗಿಂತ ಬಹಳ ಜಾಸ್ತಿ. ಪಿಎಫ್, ಇಎಸ್‌ಐ ಪಾಲಿನ ಮೇಲೆ ಕಾಂಟ್ರಾಕ್ಟರ್‌ನ ಸರ್ವಿಸ್ ಚಾರ್ಜ್, ಅದೆಲ್ಲದರ ಮೇಲೆ ಶೇ 18 ಜಿಎಸ್‌ಟಿ. ಜಿಎಸ್‌ಟಿ ಆಮೇಲೆ ಲೆಕ್ಕದಲ್ಲಿ ವಾಪಸ್ ಬರುತ್ತದೆ ಅನ್ನಿ. ಆದರೂ ಬಿಲ್ ನೋಡಿದಾಗಲೆಲ್ಲ ನನಗೆ ಅನ್ನಿಸುವುದು, ಆ ಸರ್ವಿಸ್ ಚಾರ್ಜನ್ನು ಆ ಹುಡುಗನ ಸಂಬಳಕ್ಕೇ ಸೇರಿಸಿದ್ದರೆ ಏನಾಗುತ್ತಿತ್ತು ಅಂತ.

ಸಂಬಳಕ್ಕಿಂತ ಒಂದು ಸ್ವೀಟ್ ಬಾಕ್ಸ್ ಹೆಚ್ಚು ನೋವು ಕೊಟ್ಟಿದ್ದನ್ನೂ ನೋಡಿದ್ದೇನೆ. ಆಯುಧ ಪೂಜೆಗೆ ಹಂಚುವ ಪಟ್ಟಿ ನನ್ನ ಟೇಬಲ್‌ಗೇ ಬರುತ್ತದೆ. ಪರ್ಮನೆಂಟ್‌ನವರಿಗೆ ಒಂದು ಕೆಜಿ ಬಾಕ್ಸ್, ಜೊತೆಗೆ ಒಂದು ಸ್ಟೀಲ್ ಪಾತ್ರೆ. ಕಾಂಟ್ರಾಕ್ಟ್‌ನವರಿಗೆ ಅರ್ಧ ಕೆಜಿ, ಪಾತ್ರೆ ಇಲ್ಲ. ಎರಡು ಸಾಲು, ಎರಡು ಟೇಬಲ್. ಅವತ್ತು ಬೆಳಗ್ಗೆ ಅವರೆಲ್ಲ ಸೇರಿ ಮಷಿನ್ ಒರೆಸಿದ್ದರು, ಕುಂಬಳಕಾಯಿ ಒಡೆದಿದ್ದರು, ಬಾಳೆಕಂದು ಕಟ್ಟಿದ್ದರು. ಸಂಜೆ ಗೇಟಿನ ಹತ್ತಿರ ನೋಡಿದರೆ ಕಾಂಟ್ರಾಕ್ಟ್ ಹುಡುಗರು ಆ ಸಣ್ಣ ಬಾಕ್ಸನ್ನು ಬ್ಯಾಗಿನೊಳಗೆ ತುರುಕಿಕೊಂಡು ಹೋಗುತ್ತಿದ್ದರು. ಪರ್ಮನೆಂಟ್‌ನವರು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಒಬ್ಬ ಹುಡುಗ ಸೆಕ್ಯೂರಿಟಿಯವರಿಗೇ ಕೊಟ್ಟು ಹೋದ. ಮಾರನೆಯ ವರ್ಷ ನಾನು ಲೆಕ್ಕ ಹಾಕಿ ತೋರಿಸಿದೆ. ಎಲ್ಲರಿಗೂ ಒಂದೇ ಬಾಕ್ಸ್ ಕೊಟ್ಟರೆ ಬೀಳುವ ಹೆಚ್ಚಿನ ಖರ್ಚು, ಒಂದು ಲಾಟ್ ರಿಜೆಕ್ಟ್ ಆದರೆ ಆಗುವ ನಷ್ಟಕ್ಕಿಂತ ಕಡಿಮೆ. ಎಂಡಿ ಸರ್ ಒಪ್ಪಿದರು. ಈಗ ಒಂದೇ ಸಾಲು.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಗಂಡಸಿಗೆ ಇಷ್ಟು, ಹೆಂಗಸಿಗೆ ಇಷ್ಟು ಅಂತ ಯಾರೂ ಕಾಗದದಲ್ಲಿ ಬರೆಯುವುದಿಲ್ಲ. 1976ರಿಂದಲೇ ಅದು ಕಾನೂನಿಗೆ ವಿರುದ್ಧ. ಬದಲಿಗೆ ಹುದ್ದೆಯ ಹೆಸರು ಬೇರೆ ಇಡುತ್ತಾರೆ. ಮೈಕ್ರೋಮೀಟರ್ ಹಿಡಿದು ದಿನವಿಡೀ ಪೀಸ್ ಅಳೆಯುವ ಹೆಂಗಸು 'ಹೆಲ್ಪರ್'. ಅದೇ ಕೆಲಸಕ್ಕೆ ನೈಟ್ ಶಿಫ್ಟ್‌ನಲ್ಲಿ ಬರುವ ಹುಡುಗ 'ಇನ್‌ಸ್ಪೆಕ್ಟರ್'. ಕನಿಷ್ಠ ವೇತನದ ಪಟ್ಟಿಯಲ್ಲಿ ಒಂದು ಅಕುಶಲ, ಇನ್ನೊಂದು ಕುಶಲ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಹಿಡಿಯುವ ಕೈ ಅಕುಶಲ ಹೇಗಾಗುತ್ತದೆ? ಈ ಹೆಂಗಸರು ಸಾಮಾನ್ಯವಾಗಿ ಕೆಲಸ ಬಿಡುವುದಿಲ್ಲ. ಮನೆ ಹತ್ತಿರ, ಮಕ್ಕಳ ಸ್ಕೂಲ್ ಹತ್ತಿರ ಅಂತ ಉಳಿಯುತ್ತಾರೆ. ಉಳಿದಿದ್ದಾರೆ ಅಂದ ಮಾತ್ರಕ್ಕೆ ತೃಪ್ತಿಯಾಗಿದ್ದಾರೆ ಅಂತ ಲೆಕ್ಕ ಹಾಕಬೇಡಿ.

ಮಾಲೀಕರ ಮಾತನ್ನೂ ಕೇಳಿದ್ದೇನೆ, ಅದರಲ್ಲಿ ಸುಳ್ಳಿಲ್ಲ. ನಮ್ಮಂಥ ಕಾರ್ಖಾನೆಗಳು ದೊಡ್ಡ ಕಂಪನಿಗೆ ಮಾಲು ಕೊಡುವವು. ಸ್ಟೀಲ್ ಬೆಲೆ, ಕರೆಂಟ್ ಬಿಲ್ ಏರಿದಷ್ಟು ಪೀಸ್ ರೇಟ್ ಏರುವುದಿಲ್ಲ. ಹೊಸಬನಿಗೆ ಮಾರ್ಕೆಟ್ ರೇಟ್ ಕೊಡಲೇಬೇಕು, ಆದರೆ ಹಳಬರೆಲ್ಲರಿಗೂ ಒಟ್ಟಿಗೆ ಅಷ್ಟು ಏರಿಸಲು ಕೈಯಲ್ಲಿ ದುಡ್ಡಿರುವುದಿಲ್ಲ. ಈ ಕಷ್ಟ ನಿಜ. ಆದರೆ ಅದಕ್ಕೆ ಅವರು ಹಿಡಿದಿರುವ ದಾರಿ ಸಂಬಳವನ್ನು ಗುಟ್ಟಾಗಿಡುವುದು. ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೇ 'ಸಂಬಳದ ವಿವರ ಯಾರಿಗೂ ಹೇಳಬಾರದು' ಅಂತ ಒಂದು ಸಾಲು ಇರುತ್ತದೆ. ಗುಟ್ಟು ಉಳಿಯುತ್ತಾ? ಪೇ ಸ್ಲಿಪ್ ಫೋನಿಗೇ ಬರುವ ಕಾಲ ಇದು. ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರ ಹತ್ತಿರವೂ ಇರುತ್ತದೆ.

ಇನ್ನೊಂದು ವಿಷಯ, ಇದು ಸಂಬಳದ ಟೇಬಲ್‌ನಲ್ಲಿ ಕೂತವರಿಗೆ ಮಾತ್ರ ಕಾಣುವಂಥದ್ದು. ಗುಟ್ಟಾಗಿಟ್ಟಾಗ ಇಲ್ಲದ ವ್ಯತ್ಯಾಸವೂ ಇದೆ ಅಂತ ಕಾಣಿಸುತ್ತದೆ. ನನ್ನ ಹತ್ತಿರ ಬರುವ ಜಗಳಗಳಲ್ಲಿ ಎಷ್ಟೋ ಇಂಥವೇ. ಜನ ಹೋಲಿಸಿಕೊಳ್ಳುವುದು ಕೈಗೆ ಬರುವ ದುಡ್ಡನ್ನು. ಇಬ್ಬರದ್ದೂ ಒಂದೇ ಗ್ರೇಡ್, ಒಂದೇ ಸಂಬಳ. ಒಬ್ಬನಿಗೆ ಓಟಿ ಬಂದಿರುತ್ತದೆ. ಇನ್ನೊಬ್ಬ ಹಬ್ಬಕ್ಕೆ ಅಡ್ವಾನ್ಸ್ ತೆಗೆದುಕೊಂಡು ಅದು ಕಟ್ ಆಗಿರುತ್ತದೆ. ಒಬ್ಬನಿಗೆ ಪಿಎಫ್ 15,000ದ ಮಿತಿಗೆ ಮಾತ್ರ ಹಿಡಿದಿರುತ್ತೇವೆ, ಇನ್ನೊಬ್ಬ ಹಳೆಯ ಕಂಪನಿಯಿಂದ ಬಂದವನು ಪೂರ್ತಿ ಬೇಸಿಕ್ (ಮೂಲ ವೇತನ) ಮೇಲೆ ಶೇ 12 ಕಟ್ಟುತ್ತಿರುತ್ತಾನೆ. ಸಂಬಳ 21,000 ದಾಟದವನಿಗೆ ಇಎಸ್‌ಐ ಶೇ 0.75 ಹೋಗುತ್ತದೆ, ದಾಟಿದವನಿಗೆ ಇಲ್ಲ. ಸ್ಲಿಪ್ಪಿನ ಕೊನೆಯ ಸಾಲು ಮಾತ್ರ ನೋಡಿದವನಿಗೆ 'ಅವನಿಗೆ 1,800 ಜಾಸ್ತಿ' ಅಂತ ಕಾಣುತ್ತದೆ. ಅವನು ಅದನ್ನು ಯಾರನ್ನೂ ಕೇಳುವ ಹಾಗಿಲ್ಲ, ಕೇಳಿದರೆ ಸಂಬಳದ ಗುಟ್ಟು ಹೇಳಿಕೊಂಡಿದ್ದಕ್ಕೆ ಬೈಗುಳ. ತಿಂಗಳುಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುತ್ತಾನೆ. ಇಲ್ಲದ ಅನ್ಯಾಯಕ್ಕೆ ಒಳ್ಳೆಯ ಕೆಲಸಗಾರನನ್ನು ಕಳೆದುಕೊಳ್ಳುತ್ತೇವೆ.

ಬರೀ ಅಂಕಿ ಹೊರಗೆ ಹಾಕಿದರೆ ಸಾಕು ಅಂತಲೂ ನಾನು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಒಂದು ಪತ್ರಿಕೆ ಸರ್ಕಾರಿ ನೌಕರರ ಸಂಬಳವನ್ನೆಲ್ಲ ಪ್ರಕಟಿಸಿತು. ಅಲ್ಲಿನ ವಿಶ್ವವಿದ್ಯಾಲಯದ ಸಿಬ್ಬಂದಿ ಅದನ್ನು ನೋಡಿದಾಗ ಏನಾಯಿತು ಅಂತ ಡೇವಿಡ್ ಕಾರ್ಡ್ ಮತ್ತು ಅವರ ಜೊತೆಯ ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿದರು. ತಮ್ಮ ವಿಭಾಗದಲ್ಲಿ ಕಡಿಮೆ ಸಂಬಳದವರ ಸಾಲಿನಲ್ಲಿದ್ದವರ ತೃಪ್ತಿ ಇಳಿಯಿತು, ಬೇರೆ ಕೆಲಸ ಹುಡುಕುವ ಯೋಚನೆ ಜಾಸ್ತಿಯಾಯಿತು. ಜಾಸ್ತಿ ಸಂಬಳದವರ ಖುಷಿ ಮಾತ್ರ ಏರಲಿಲ್ಲ. ಕಾರಣ ಇಲ್ಲದ ಅಂಕಿ ಗಾಯದ ಮೇಲೆ ಉಪ್ಪು ಹಾಕುತ್ತದೆ. ಅಂಕಿಯ ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕು.

ನಮ್ಮಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಅದನ್ನು ಮಾಡಿ ನೋಡಿದ್ದೇವೆ. ಯಾರ ಹೆಸರೂ ಇಲ್ಲ. ನಾಲ್ಕು ಗ್ರೇಡ್. ಪ್ರತಿ ಗ್ರೇಡ್‌ಗೆ ಸಂಬಳ ಇಷ್ಟರಿಂದ ಇಷ್ಟು. ಆ ಗ್ರೇಡ್‌ಗೆ ಬರಲು ಏನು ಗೊತ್ತಿರಬೇಕು: ವರ್ನಿಯರ್ ಮತ್ತು ಮೈಕ್ರೋಮೀಟರ್, ಆಮೇಲೆ ಡ್ರಾಯಿಂಗ್ ಓದುವುದು, ಆಮೇಲೆ ಹೈಟ್ ಗೇಜ್, ಆಮೇಲೆ ಕಂಪ್ಯೂಟರ್‌ನಿಂದ ಅಳೆಯುವ ಸಿಎಂಎಂ ಮಷಿನ್ ನಡೆಸುವುದು. ಒಂದು ಹಾಳೆ, ನೋಟಿಸ್ ಬೋರ್ಡ್ ಮೇಲೆ. ಮೊದಲು ಗಲಾಟೆ ಆಯಿತು. 'ನನ್ನನ್ನು ಎರಡನೇ ಗ್ರೇಡ್‌ನಲ್ಲಿ ಯಾಕೆ ಇಟ್ಟಿದ್ದೀರಿ?' ಅಂತ ಇಬ್ಬರು ಹೆಂಗಸರು ನೇರವಾಗಿ ಎಂಡಿ ಸರ್ ರೂಮಿಗೇ ಹೋದರು. ಅವರು ಕೇಳಿದ್ದರಲ್ಲಿ ನ್ಯಾಯ ಇತ್ತು, ಒಬ್ಬರಿಗೆ ಗ್ರೇಡ್ ಬದಲಾಯಿತು. ಇನ್ನೊಬ್ಬರು ಡ್ರಾಯಿಂಗ್ ಓದುವುದು ಕಲಿಯುತ್ತೇನೆ ಅಂತ ಟೂಲ್ ರೂಮಿನ ಹಿರಿಯರ ಹತ್ತಿರ ಊಟದ ಬಿಡುವಿನಲ್ಲಿ ಕೂರತೊಡಗಿದರು. ಈಗ ನನ್ನ ಟೇಬಲ್‌ಗೆ ಆ ವಿಭಾಗದಿಂದ ಬರುವವರು 'ಮೇಡಂ, ಸಿಎಂಎಂ ಟ್ರೈನಿಂಗ್ ಯಾವಾಗ?' ಅಂತ ಕೇಳುತ್ತಾರೆ. ಮಷಿನ್ ಶಾಪ್‌ನಲ್ಲಿ ಇನ್ನೂ ಹಾಕಿಲ್ಲ. ಅಲ್ಲಿ ಹಳಬರು ಹೊಸಬರ ಅಂತರ ದೊಡ್ಡದು, ಹೊರಗೆ ಬಂದರೆ ಒಟ್ಟಿಗೆ ದುಡ್ಡು ಬೇಕು ಅನ್ನುವ ಭಯ. ಎರಡು ಮೂರು ವರ್ಷದಲ್ಲಿ ಸರಿ ಮಾಡುತ್ತೇವೆ ಅಂತ ಬರೆದು ಹಾಕಿದರೂ ಹುಡುಗರು ಕಾಯುತ್ತಾರೆ ಅಂತ ನಾನು ವಾದ ಮಾಡುತ್ತಲೇ ಇದ್ದೇನೆ.

ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲದೇ ಇಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನುವುದು ಸಂವಿಧಾನದ 39ನೇ ವಿಧಿಯಲ್ಲೇ ಇದೆ. ಗುತ್ತಿಗೆ ಕಾರ್ಮಿಕರಿಗೆ, ಅದೇ ರೀತಿಯ ಕೆಲಸ ಮಾಡುವ ಕಂಪನಿಯ ಕೆಲಸಗಾರರಷ್ಟೇ ವೇತನ ಕೊಡಬೇಕು ಅಂತ 1971ರ ಕೇಂದ್ರ ನಿಯಮಗಳಲ್ಲೇ ಬರೆದಿದ್ದರು. ಸರ್ಕಾರಿ ಇಲಾಖೆಗಳ ತಾತ್ಕಾಲಿಕ ನೌಕರರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್‌ನಲ್ಲಿ ಇದನ್ನೇ ಎತ್ತಿಹಿಡಿಯಿತು. ಷೇರುಪೇಟೆಯಲ್ಲಿರುವ ಕಂಪನಿಗಳು ನಿರ್ದೇಶಕರ ಸಂಬಳ, ಸಂಬಳದ ಸಾಲಿನಲ್ಲಿ ನಟ್ಟನಡುವೆ ಬರುವ ನೌಕರನ ಸಂಬಳದ ಎಷ್ಟು ಪಟ್ಟು ಅಂತ ಪ್ರತಿ ವರ್ಷ ಹೇಳಬೇಕು, 2013ರ ಕಂಪನಿ ಕಾಯ್ದೆಯಲ್ಲೇ ಇದೆ. ಮೇಲಿನವರ ಲೆಕ್ಕ ಹೀಗೆ ಹೊರಗಿದೆ. ಒಬ್ಬರ ಪಕ್ಕ ಒಬ್ಬರು ನಿಂತು ದುಡಿಯುವವರ ಲೆಕ್ಕ ಮಾತ್ರ ಗುಟ್ಟು. ಪೀಣ್ಯದ ಬಿಡಿಭಾಗ ತರಿಸಿಕೊಳ್ಳುವ ಯುರೋಪಿನವರು 2023ರಲ್ಲೇ ಒಂದು ನಿರ್ದೇಶನ ಮಾಡಿದ್ದಾರೆ. ಕೆಲಸಕ್ಕೆ ಅರ್ಜಿ ಹಾಕಿದವನಿಗೆ ಸಂಬಳದ ಮಟ್ಟ ಮೊದಲೇ ತಿಳಿಸಬೇಕು, ತಮ್ಮಂಥದ್ದೇ ಕೆಲಸ ಮಾಡುವವರ ಸರಾಸರಿ ಸಂಬಳ ಕೇಳಿ ತಿಳಿಯುವ ಹಕ್ಕು ಕೆಲಸಗಾರರಿಗಿದೆ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಲೇಬೇಕು ಅನ್ನುತ್ತವೆ ಅವು. ಪತ್ರ ಹೇಗೂ ಹೊಸದಾಗಿ ಬರೆಯಬೇಕು. ಅದರಲ್ಲಿ ಅವನ ಗ್ರೇಡ್ ಯಾವುದು, ಯಾವ ಆಧಾರದ ಮೇಲೆ ಆ ಗ್ರೇಡ್, ಮುಂದಿನ ಗ್ರೇಡ್‌ಗೆ ಏನು ಬೇಕು ಅನ್ನುವ ಮೂರು ಸಾಲು ಸೇರಿಸಲು ಎಷ್ಟು ಹೊತ್ತು ಬೇಕು? ಗ್ರೇಡ್ ಪಟ್ಟಿಯನ್ನು ಕನಿಷ್ಠ ವೇತನದ ಪಟ್ಟಿಯ ಪಕ್ಕದಲ್ಲೇ, ಕನ್ನಡದಲ್ಲಿ, ಗೇಟಿನ ಹತ್ತಿರ ಹಾಕಬೇಕು ಅಂತ ರಾಜ್ಯದ ಕಾರ್ಮಿಕ ಇಲಾಖೆ ಒಂದು ಆದೇಶ ಹೊರಡಿಸಲಿ. ಕಾಂಟ್ರಾಕ್ಟ್ ಕೆಲಸಗಾರರ ಗ್ರೇಡೂ ಅದೇ ಹಾಳೆಯಲ್ಲಿ ಇರಲಿ. 'ಸಂಬಳ ಯಾರಿಗೂ ಹೇಳಬಾರದು' ಅನ್ನುವ ಸಾಲನ್ನು ಅಪಾಯಿಂಟ್‌ಮೆಂಟ್ ಲೆಟರ್‌ನಿಂದ ತೆಗೆಸಲಿ. ಪೀಣ್ಯದ ಮಾಲೀಕರ ಸಂಘಗಳು ಸರ್ಕಾರಕ್ಕೆ ಕಾಯದೆ ತಾವೇ ಒಂದು ಮಾದರಿ ಪಟ್ಟಿ ಮಾಡಿ ಸದಸ್ಯರಿಗೆ ಹಂಚಬಹುದು. ನಾವು ಇನ್‌ಸ್ಪೆಕ್ಷನ್‌ಗೆ ಮಾಡಿದ ಹಾಳೆ ಬೇಕಿದ್ದರೆ ನಿಮ್ಮ ಮೂಲಕ ಕಳಿಸಿಕೊಡಲು ನಾನು ಸಿದ್ಧ. ನಮ್ಮ ಎಂಡಿ ಸರ್ ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ.

ಕಾರ್ಖಾನೆಯಲ್ಲಿ ಇನ್ನೂ ಕೆಲಸದಲ್ಲಿರುವುದರಿಂದ ನನ್ನ ಹೆಸರು ಪ್ರಕಟಿಸಬೇಡಿ ಎಂದು ವಿನಂತಿ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ಟಿ. ದಾಸರಹಳ್ಳಿ, ಬೆಂಗಳೂರು